ಬತಾದ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಫಿಲಿಪ್ಪೀನ್ಸ್‌ನ ಬತಾದ್‌ಗೆ, ಗುಡ್ಡಕ್ಕೆ ಕಲ್ಲುಗೋಡೆ ಕಟ್ಟಿ ಮಾಡಿದ ಮೆಟ್ಟಿಲುಗದ್ದೆಗಳ ಊರಿಗೆ, ಹೊರಟಿರುವುದು ಗುಂಪಿಗೆಲ್ಲ ಗೊತ್ತಾಗಿದೆ. ಇನ್ನು ಗುಟ್ಟೇನು, ಉಳಿದವರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ತಿಂಗಳ ವಿಷಯ. ಅಲ್ಲಿನ ಇಫುಗಾವ್ ಜನರು ಬೆಳೆಯುವ ತಿನಾವನ್ ಅನ್ನುವ ದೇಸಿ ಭತ್ತ ವರ್ಷಕ್ಕೊಂದೇ ಬೆಳೆ. ಸಾಮಾನ್ಯವಾಗಿ ವರ್ಷದ ಕೊನೆಗೆ ಸಸಿಮಡಿ, ಜನವರಿ–ಫೆಬ್ರವರಿಯ ಸುಮಾರಿಗೆ ನಾಟಿ, ಜೂನ್–ಜುಲೈಯಲ್ಲಿ ಕೊಯ್ಲು. ಹಸಿರು ನೋಡಬೇಕಿದ್ದರೆ ಏಪ್ರಿಲ್–ಮೇ. ನಾಟಿಗೆ ಮುಂಚೆ ಗದ್ದೆ ತುಂಬ ಬರೀ ನೀರು. ನನಗೆ ಅದೇ ಹೆಚ್ಚು ಇಷ್ಟ, ಗೋಡೆಗಳ ಗೆರೆ ಒಂದೊಂದೂ ಆಗಲೇ ಕಾಣುವುದು. ಜುಲೈ ದಾಟಿದರೆ ಚಂಡಮಾರುತದ ಕಾಲ. ಗುಡ್ಡ ಜರಿದು ರಸ್ತೆ ಮುಚ್ಚಬಹುದು, ಹಾಗಾಗಿ ವಾಪಸು ವಿಮಾನಕ್ಕೆ ಎರಡು ದಿನ ಕೈಯಲ್ಲಿಟ್ಟುಕೋ.

ಮನಿಲಾದಿಂದ ಬತಾದ್‌ಗೆ ಹತ್ತಿರದ ಪೇಟೆಯಾದ ಬನಾವೆಗೆ ರಾತ್ರಿ ಬಸ್ಸು, ಹೆಚ್ಚುಕಡಿಮೆ ಒಂಬತ್ತು ಗಂಟೆ. ಒಳಗೆ ಏಸಿ ವಿಪರೀತ, ಸ್ವೆಟರ್ ಕೈಗೆ ಸಿಗುವ ಹಾಗಿರಲಿ. 20 ಪೆಸೊ ನೋಟಿನ ಹಿಂಬದಿಯಲ್ಲಿರುವುದು ಬನಾವೆಯ ಗದ್ದೆಗಳೇ. ಅವನ್ನು ನೋಡಿ, ಫೋಟೊ ಹೊಡೆದು, ಅಲ್ಲಿಂದಲೇ ತಿರುಗಿ ಹೋಗುವವರೇ ಹೆಚ್ಚು. ಆದರೆ 1995ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಐದು ಜಾಗಗಳಲ್ಲಿ ಆ ನೋಟ ಇಲ್ಲ. ಬತಾದ್, ಬಂಗಾನ್, ಮಾಯೊಯಾವ್, ಹುಂಗ್ದುವಾನ್, ನಾಗಕಡಾನ್, ಇವೇ ಆ ಐದು. ಬನಾವೆಯಿಂದ ಬತಾದ್ ಕಡೆಗೆ ಜೀಪ್ನಿ (ಜನ ಹತ್ತಿಸಿಕೊಳ್ಳುವ ಉದ್ದನೆಯ ಜೀಪು) ಅಥವಾ ಟ್ರೈಸಿಕಲ್ (ಪಕ್ಕದಲ್ಲಿ ಸೀಟು ಕಟ್ಟಿದ ಬೈಕು) ಹಿಡಿ; ಕೊನೆಯ ದಾರಿ ಹೇಗಿದ್ದರೂ ಕಾಲ್ನಡಿಗೆ. ಬಟ್ಟಲಿನ ಒಳಮೈಯಂತೆ ಬಾಗಿದ ಗುಡ್ಡ, ಅದರ ತುಂಬ ಗದ್ದೆ, ತಳದಲ್ಲಿ ಊರು.

ಗದ್ದೆಗಳ ನಡುವೆ ದಾರಿ ಅಂದರೆ ಕಲ್ಲುಗೋಡೆಯ ನೆತ್ತಿ. ಒಂದು ಪಕ್ಕ ಕೆಸರು, ಇನ್ನೊಂದು ಪಕ್ಕ ಆಳೆತ್ತರಕ್ಕೂ ಮೀರಿದ ಇಳಿಜಾರು. ಎದುರಿಗೆ ಹೊರೆ ಹೊತ್ತವರು ಬಂದರೆ ಕೆಸರಿನ ಕಡೆಗೇ ಸರಿ. ಜಾರಿದರೆ ಬಟ್ಟೆ ಹಾಳಾಗುತ್ತದೆ, ಅಷ್ಟೇ. ಊರುಗೋಲನ್ನು ಗೋಡೆಯ ಅಂಚಿಗೆ ಚುಚ್ಚಬೇಡ, ಅಲ್ಲಾಡುವ ಕಲ್ಲಿನ ಮೇಲೆ ನಿಂತು ಫೋಟೊಗೆ ಕಾಯಬೇಡ. ಯಾಕೆ ಅಂದರೆ, ಆ ಗೋಡೆಯ ಹಿಂದೆ ಸಣ್ಣ ಕಲ್ಲು, ಜಲ್ಲಿ, ಅದಾದ ಮೇಲೆ ನೀರು ಹಿಡಿಯುವ ಜೇಡಿಮಣ್ಣು, ಎಲ್ಲಕ್ಕಿಂತ ಮೇಲೆ ಉಳುವ ಕೆಸರು. ಸಿಮೆಂಟ್ ಇಲ್ಲ. ಜೇಡಿಮಣ್ಣು ಸದಾ ಒದ್ದೆಯಾಗಿರಬೇಕು, ಅದಕ್ಕೇ ಕೊಯ್ಲಾದ ಮೇಲೂ ನೀರು ನಿಲ್ಲಿಸುತ್ತಾರೆ. ಒಣಗಿದರೆ ಬಿರುಕು ಬಿಡುತ್ತದೆ. ಎರೆಹುಳು ಕೊರೆದ ಬಿಲವೂ ಸೇರಿಕೊಳ್ಳುತ್ತದೆ. ಮುಂದಿನ ಜಡಿಮಳೆಗೆ ನೀರು ಗೋಡೆಯ ಬೆನ್ನಿಗಿಳಿದು ಮಣ್ಣು ಭಾರವಾಗಿ, ಗೋಡೆ ಹೊಟ್ಟೆ ಬಿಟ್ಟು ಒಂದು ದಿನ ಕುಸಿಯುತ್ತದೆ. ಕುಸಿದ ಮಣ್ಣು ಬೀಳುವುದು ಕೆಳಗಿನವರ ಗದ್ದೆಗೆ. ಒಂದು ಮನೆಯವರು ಬೇಸಾಯ ಬಿಟ್ಟರೆ ಪೆಟ್ಟು ಅವರಿಗಷ್ಟೇ ನಿಲ್ಲುವುದಿಲ್ಲ.

ತಲೆ ಎತ್ತಿ ನೋಡಿದರೆ ಗದ್ದೆಗಳ ಮೇಲೆ ಕಾಡು. ಅದನ್ನು ಕುಟುಂಬಗಳೇ ಕಾಪಾಡಿಕೊಂಡು ಬಂದಿವೆ, ಮುಯೊಂಗ್ ಅನ್ನುತ್ತಾರೆ. ಮಳೆನೀರನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವಾಗಿ ಬಿಡುವುದು ಅದೇ. ಸೌದೆ, ಮನೆಗೆ ಬೇಕಾದ ಮರ ಎಲ್ಲ ಅಲ್ಲಿಂದಲೇ. ಹಳೆಯ ಮನೆ ಸಿಕ್ಕರೆ ನಾಲ್ಕು ಕಂಬಗಳನ್ನೂ ನೋಡು: ಪ್ರತಿಯೊಂದಕ್ಕೂ ದುಂಡನೆಯ ಮರದ ಬಳೆ ತೊಡಿಸಿರುತ್ತಾರೆ, ಇಲಿ ಹತ್ತದಂತೆ. ಒಳಗೆ ಹೋಗುವ ಮುನ್ನ ಕೇಳು, ವಯಸ್ಸಾದವರ ಫೋಟೊ ತೆಗೆಯುವ ಮುನ್ನವೂ ಕೇಳು.

ಇಲ್ಲಿಗೇ ನಿಲ್ಲಿಸಬೇಕೆಂದಿದ್ದೆ, ಆದರೆ ಇತ್ತೀಚೆಗೆ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಹುಲ್ಲಿನ ಮಾಡುಗಳ ನಡುವೆ ತಗಡಿನ ಮಾಡು ಕಂಡರೆ ನನಗೆ ಪಿಚ್ಚೆನಿಸುತ್ತದೆ. ಹುಲ್ಲು ಕೊಯ್ದು, ಹೊತ್ತು, ಮತ್ತೆಮತ್ತೆ ಹೊದಿಸುವ ಕಷ್ಟ ಎಷ್ಟೆಂದು ಗೊತ್ತು. ತಗಡು ಹೊದಿಸಿದವರು ನೆಮ್ಮದಿಯಿಂದ ಮಲಗುತ್ತಾರೆಂದೂ ಗೊತ್ತು. ಆದರೂ ಪಿಚ್ಚೆನಿಸುತ್ತದೆ, ನಿನಗೆ ಸುಳ್ಳು ಹೇಳಲಾರೆ. ಗೋಡೆ ಕಟ್ಟುವ, ಕೆಸರು ತುಳಿಯುವ ಕೈಕಾಲು ಕಡಿಮೆಯಾಗುತ್ತಿವೆ. ಬಾಗಿಯೊ ನಗರಕ್ಕೋ ಮನಿಲಾಕ್ಕೋ ಓದಲು, ದುಡಿಯಲು ಹೋದ ಮಕ್ಕಳಿಗೆ ವರ್ಷಕ್ಕೊಂದು ಬೆಳೆ ಏನು ಕೊಟ್ಟೀತು? 2001ರಲ್ಲಿ ಯುನೆಸ್ಕೊ ಈ ಗದ್ದೆಗಳನ್ನು ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತು, 2012ರಲ್ಲಿ ತೆಗೆಯಿತು. ಪಟ್ಟಿಯಿಂದ ಹೊರಬಂದರೂ ಗೋಡೆಯ ಕೆಲಸ ಪ್ರತಿ ವರ್ಷ ಇದ್ದೇ ಇದೆ. ಈ ಗದ್ದೆ ಹೀಗೇ ಉಳಿಯಲಿ ಅಂತ ನಾನು ಮನಸಾರೆ ಬಯಸುವಾಗ, ಯಾರದೋ ಮಗಳು ಪೇಟೆಯ ಕೆಲಸ ಬಿಟ್ಟು ಮೊಣಕಾಲುದ್ದ ಕೆಸರಿಗೆ ಇಳಿಯಲಿ ಅಂತಲೇ ಬಯಸುತ್ತಿದ್ದೇನೆ. ನನ್ನ ಮಗಳಾಗಿದ್ದರೆ ಬಾ ಎನ್ನುತ್ತಿದ್ದೆನಾ? ಇಲ್ಲ, ಮಾರಾಯ. ಆದರೂ ಆಸೆ ಹೋಗುವುದಿಲ್ಲ.

ಹಾಗಂತ ನೀನು ಹೋಗದೇ ಇರಬೇಡ. ಊರಿನವರನ್ನೇ ಗೈಡ್ ಮಾಡಿಕೋ, ಊರಿನ ಮನೆಯಲ್ಲೇ ಉಳಿ, ತಿನಾವನ್ ಅಕ್ಕಿ ಮಾರಲು ಇಟ್ಟಿದ್ದರೆ ಚೌಕಾಸಿ ಮಾಡದೆ ಕೊಳ್ಳು. ಹಳ್ಳಿಯಲ್ಲಿ ಏಟಿಎಂ ಇಲ್ಲ, ಸಣ್ಣ ನೋಟುಗಳನ್ನು ಮೊದಲೇ ಮಾಡಿಸಿಕೋ. ತಪ್ಪಿಯಾ ಜಲಪಾತಕ್ಕೆ ಬೆಳಗ್ಗೆಯೇ ಇಳಿ; ಇಳಿಯುವುದು ಸುಲಭ, ಮಧ್ಯಾಹ್ನದ ಬಿಸಿಲಲ್ಲಿ ಆ ಕಡಿದಾದ ಮೆಟ್ಟಿಲು ಹತ್ತುವುದು ನಿನ್ನ ಮಂಡಿಗೆ ಆಗುವ ಕೆಲಸವಲ್ಲ. ಮಳೆಗೆ ರೈನ್‌ಕೋಟ್ ಸಾಕು, ಗೋಡೆಯ ಮೇಲೆ ಎರಡೂ ಕೈ ಖಾಲಿ ಇರಬೇಕು.

ಮತ್ತೆ ಆ ನೀಲಿ ಕೊಡೆ ಮನೆಯಲ್ಲೇ ಇರಲಿ. ಯಾಕೆಂದು ಇಲ್ಲಿ ಹೇಳುವುದಿಲ್ಲ, ಕೇಳುವವರು ನಿನ್ನನ್ನೇ ಕೇಳಲಿ.

ನಿನ್ನವನೇ