ಹಾಸಿಗೆ ಹಿಡಿದವರ ಆರೈಕೆ: ತರಬೇತಿ ಮಂಚದ ಪಕ್ಕದಲ್ಲಿ ನಡೆಯಲಿ

ಮಾನ್ಯ ಸಂಪಾದಕರೇ,

ಆಶಾ ಕಾರ್ಯಕರ್ತೆಯರಿಗೆ ಉಪಶಾಮಕ ಆರೈಕೆಯ (ಗಂಭೀರ ಕಾಯಿಲೆಯವರ ನೋವು, ನರಳಾಟ ತಗ್ಗಿಸುವ ಆರೈಕೆ) ತರಬೇತಿ ಎಂದರೆ ಬೆಳಿಗ್ಗೆ ಸ್ಲೈಡು, ಮಧ್ಯಾಹ್ನ ಊಟ, ಸಂಜೆ ಸಹಿ ಎಂದಾಗಬಾರದು. ಕ್ಯಾನ್ಸರ್ ಅಥವಾ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರ ಮನೆಯಲ್ಲಿ ಬೇಕಾಗುವುದು ಕೈಕೆಲಸ. ಅದು ಕುರ್ಚಿಯಲ್ಲಿ ಕೂತು ಬರುವುದಿಲ್ಲ.

ಮಲಗಿದಲ್ಲೇ ಮಲಗಿ ಆಗುವ ಬೆನ್ನುಹುಣ್ಣನ್ನೇ ನೋಡಿ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಎಲ್ಲರೂ ಹೇಳುತ್ತಾರೆ, ಹೇಗೆಂದು ತೋರಿಸುವವರು ಕಡಿಮೆ. ತೋಳು ಹಿಡಿದು ಎಳೆದರೆ ಸೊಂಟದ ಚರ್ಮ ಹಾಸಿಗೆಗೆ ಉಜ್ಜಿ ಕಿತ್ತುಬರುತ್ತದೆ. ಅಡ್ಡಲಾಗಿ ಹಾಸಿದ ಬೆಡ್‌ಶೀಟಿನ ಎರಡೂ ಅಂಚು ಹಿಡಿದು ಇಬ್ಬರು ಎತ್ತಿ ಸರಿಸಬೇಕು. ಬೆನ್ನಿಗೆ ಮಡಿಸಿದ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ. ಹುಣ್ಣಿನ ಸುತ್ತ ಬಟ್ಟೆಯ ಸಿಂಬೆ ಇಡುವ ರೂಢಿ ಬಹಳ ಮನೆಗಳಲ್ಲಿದೆ. ಸಿಂಬೆ ಒತ್ತಿದಲ್ಲಿ ರಕ್ತಸಂಚಾರ ನಿಂತು ಹುಣ್ಣು ಇನ್ನೂ ಹಿಗ್ಗುತ್ತದೆ. ಕಪ್ಪು ಮೈಬಣ್ಣದಲ್ಲಿ ಆರಂಭದ ಕೆಂಪು ಕಾಣದು. ಅಂಗೈ ಹಿಂಭಾಗದಿಂದ ಮುಟ್ಟಿದಾಗ ಸುತ್ತಲಿಗಿಂತ ಬಿಸಿಯಾಗಿ, ಗಟ್ಟಿಯಾಗಿ ಇದ್ದರೆ ಅದೇ ಸೂಚನೆ. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು.

ಕೊಳೆತ ಗಾಯದ ವಾಸನೆಗೆ ನೆಂಟರು ಒಳಗೆ ಬರುವುದನ್ನೇ ಬಿಡುತ್ತಾರೆ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ತೊಳೆದು, ನರ್ಸ್ ಹೇಳಿದಂತೆ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಅಂಟಿದ ಬಟ್ಟೆಯನ್ನು ಇದೇ ನೀರಿನಲ್ಲಿ ನೆನೆಸಿಯೇ ಬಿಡಿಸಬೇಕು. ಅರಿಶಿನ, ಕಾಫಿಪುಡಿ ಬೇಡ.

ಹೆಚ್ಚು ಎಡವುವುದು ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯಲ್ಲಿ. ಮಾರ್ಫಿನ್‌ನ ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ಆದ್ದರಿಂದ ಗಡಿಯಾರ ನೋಡಿ ಕೊಡಬೇಕು. ಮನೆಯವರು ‘ಈಗ ನೋವಿಲ್ಲವಲ್ಲ’ ಎಂದು ಎತ್ತಿಡುತ್ತಾರೆ. ನರಳಾಟ ಶುರುವಾದ ಮೇಲೆ ಕೊಟ್ಟರೆ ಹಿಡಿಯಲು ಅರ್ಧ ಗಂಟೆಗೂ ಹೆಚ್ಚು ಬೇಕು. ಮೊದಲ ಕೆಲ ದಿನಗಳ ವಾಕರಿಕೆ ತಾನಾಗಿ ಹೋಗುತ್ತದೆ, ಮಲಬದ್ಧತೆ ಹೋಗುವುದಿಲ್ಲ. ಬಿಸಾಕೊಡಿಲ್‌ನಂಥ ಮಲ ಸಡಿಲಿಸುವ ಮಾತ್ರೆ ಮೊದಲ ದಿನದಿಂದಲೇ ಚೀಟಿಯಲ್ಲಿರಬೇಕು. ಇಲ್ಲದಿದ್ದರೆ ನಾಲ್ಕನೇ ದಿನ ಹೊಟ್ಟೆ ಉಬ್ಬಿ, ಬೈಗುಳ ಮಾರ್ಫಿನ್‌ಗೆ ಬಿದ್ದು, ಮಾತ್ರೆ ನಿಂತೇಹೋಗುತ್ತದೆ. ಪ್ರಮಾಣ ಬದಲಿಸುವುದು ಆಶಾ ಕೆಲಸವಲ್ಲ. ಹೊತ್ತು ತಪ್ಪಿದೆಯೇ, ಹೊರಗಡೆಗೆ ಹೋಗಿ ಎಷ್ಟು ದಿನವಾಯಿತು, ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿವೆ ಎಂದು ಕೇಳಿ ಡೈರಿಯಲ್ಲಿ ಬರೆದರೆ ಅರ್ಧ ತೊಂದರೆ ಅಲ್ಲೇ ಸಿಗುತ್ತದೆ. ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ಕಾಯದೆ ನರ್ಸ್‌ಗೋ ವೈದ್ಯರಿಗೋ ಫೋನ್ ಮಾಡಬೇಕು.

ಇದಕ್ಕೆ ಒಂದು ದಿನದ ಪಾಠ ಸಾಕು. ಉಳಿದದ್ದನ್ನು ನರ್ಸ್ ಜೊತೆ ಐದಾರು ಮನೆಗಳಲ್ಲಿ ಕೈಯಾರೆ ಮಾಡಿಸಿ, ಮೂರು ತಿಂಗಳ ನಂತರ ಅದೇ ನರ್ಸ್ ಮತ್ತೊಮ್ಮೆ ನೋಡಲಿ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಡುವುದು ಸುಲಭವಾಗಿದೆ. ಆದರೂ ಮಾತ್ರೆಯೇ ಇಲ್ಲದ ತಾಲ್ಲೂಕಿನಲ್ಲಿ ನೋವಿಗೆ ಹತ್ತಕ್ಕೆ ಎಷ್ಟು ಅಂಕವೆಂದು ಕೇಳಿ ಬರೆದುಕೊಂಡು ಬಂದ ಆಶಾಗೆ ಆ ಮನೆಗೆ ಮತ್ತೆ ಹೋಗಲು ಮುಖವಿರುವುದಿಲ್ಲ. ತರಬೇತಿಯ ದಿನಾಂಕ ಗೊತ್ತುಪಡಿಸುವ ಮೊದಲು ಆಯೋಜಕರು ತಾಲ್ಲೂಕು ಆಸ್ಪತ್ರೆಯ ಔಷಧ ದಾಸ್ತಾನು ಪುಸ್ತಕ ತೆರೆದು ನೋಡಲಿ.

– ಉಪಶಾಮಕ ಆರೈಕೆ ತರಬೇತುದಾರರು