ಕಬಿನಿಯ ಮಟ್ಟ ನೋಡುವ ಚಟ

ಪ್ರಿಯ ಸೈಲೆನ್ಸರ್,

ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಕಳಿಸಿದರೆ ನೀನು ಮೊಬೈಲಿನಲ್ಲಿ ಒಂದು ಹೆಬ್ಬೆರಳನ್ನು ಒತ್ತಿ ಮೊಮ್ಮಗನನ್ನು ಆಡಿಸಲು ಹೋಗಿಬಿಡುತ್ತೀ. ಹಾಗಾಗಿ ನಾಲ್ಕು ಜನರ ಎದುರಿಗೇ ಓದಿ ಹೇಳುತ್ತಿದ್ದೇನೆ. ಈಗ ಉತ್ತರ ಬರೆಯದೆ ನಿನಗೆ ವಿಧಿಯಿಲ್ಲ. ಹಸಿರು ಬಕೆಟ್ಟಿನ ವಿಷಯವನ್ನು ಮಾತ್ರ ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ.

ಜುಲೈ ತಿಂಗಳ ಎರಡನೆಯ ಭಾನುವಾರ, ಜಾವಾ ಬೈಕಿನ ದಿನವೆಂದು, ಎಂದಿನಂತೆ ಎಲ್ಲರೂ ಸೇರಿದ್ದೆವು. ಯಾದವಗಿರಿಯಲ್ಲಿ ಹಳೆಯ ಕಾರ್ಖಾನೆಯಿದ್ದ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆವು. 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆಯ ಗಾಡಿಗಳನ್ನು ಇಂದಿಗೂ ಮಕ್ಕಳಂತೆ ಸಾಕುತ್ತಿರುವ ನಮ್ಮನ್ನು ಕಂಡು ದಾರಿಹೋಕರು ಮೊದಲು ನಕ್ಕರು, ಆಮೇಲೆ ಮೂಗು ಮುಚ್ಚಿಕೊಂಡರು. ನಿನ್ನ ಜಾಗ ಖಾಲಿಯಿತ್ತು. ಅಂದರೆ ಹೊಗೆ ಸ್ವಲ್ಪ ಕಡಿಮೆಯಿತ್ತು. ತಿಂಡಿಯ ಹೊತ್ತಿನಲ್ಲಿ ಹೊಸದಾಗಿ ಸೇರಿರುವ ಹುಡುಗನೊಬ್ಬ, 'ಸರ್, ಈ ಸಲ ನೆರೆ ಬರೋಕೆ ಮುಂಚೇನೇ ಸಾಮಾನು ರೆಡಿ ಮಾಡ್ಕೊಂಡ್ರೆ ಹೇಗೆ?' ಎಂದು ಕೇಳಿದ. ಅವನ ಮಾತು ಮುಗಿಯುವ ಮೊದಲೇ ನಾನು ಅಂಗಿಯ ಜೇಬಿನಿಂದ ಪಟ್ಟಿಯನ್ನು ಹೊರತೆಗೆದಿದ್ದೆ. ಚಾಪೆಯಿಂದ ಸೊಳ್ಳೆಬತ್ತಿಯವರೆಗೆ ಎಲ್ಲವೂ ಅದರಲ್ಲಿತ್ತು, ಸಂತೆಪೇಟೆಯ ಸಗಟು ದರದ ಸಮೇತ. ಎಲ್ಲರೂ ಹೋ ಎಂದು ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯಲ್ಲಿ, ಆ ಪಟ್ಟಿಯನ್ನು ನಾನು ಬರೆದದ್ದು ಯಾವಾಗ ಎಂದು ನೆನಪಿಸಿಕೊಂಡೆ. ಜೂನ್ ತಿಂಗಳಲ್ಲಿ, ವಯನಾಡಿಗೆ ಮುಂಗಾರು ತಲುಪಿತೆಂದು ಪತ್ರಿಕೆಯಲ್ಲಿ ಓದಿದ ಬೆಳಿಗ್ಗೆ ಬರೆದದ್ದು. ಅದೇ ಈಗ ನನ್ನನ್ನು ಕೊರೆಯುತ್ತಿರುವ ಹುಳು.

ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದೇ ಆದರೂ ಕೇಳಿಸಿಕೋ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯೇ ಕಡಿದುಹೋದಾಗ ನಾವು ಹನ್ನೊಂದು ಮಂದಿ ಮೊದಲ ಬಾರಿಗೆ ಸಾಮಾನು ಕೂಡಿಹಾಕಲು ಹೊರಟೆವಲ್ಲ, ಆಗ ನಮಗೆ ತಿಳಿದಿದ್ದುದು ಇಷ್ಟೇ: ಕಷ್ಟದಲ್ಲಿರುವವರಿಗೆ ಬಟ್ಟೆ ಕೊಡಬೇಕು. ಮೈಸೂರಿನ ಜನ ಕೊಟ್ಟರು, ಧಾರಾಳವಾಗಿಯೇ ಕೊಟ್ಟರು. ನಿಮ್ಮ ಮನೆಯ ಕಾರು ಶೆಡ್ಡಿನಲ್ಲಿ ಗಂಟುಗಳನ್ನು ಬಿಚ್ಚಿದಾಗ ಹೊರಬಿದ್ದ ಸನ್ಮಾನದ ಶಾಲುಗಳನ್ನು ನೀನು ಒಂದೊಂದಾಗಿ ಎಣಿಸಿದ್ದು ನೆನಪಿದೆಯೇ? 41 ಶಾಲುಗಳು! ಈ ಊರಿನಲ್ಲಿ ನಿವೃತ್ತರಾದವರಿಗೆಲ್ಲ ಶಾಲು ಹೊದಿಸುವ ಪದ್ಧತಿಯಿರುವುದರಿಂದ ಪ್ರತಿ ಮನೆಯ ಬೀರುವಿನಲ್ಲೂ ಅಂಥದು ಐದಾರು ಇರುತ್ತವೆ. ಹೊದ್ದರೆ ಚಳಿ ತಡೆಯುವುದಿಲ್ಲ, ಹಾಸಿದರೆ ಮೈಗೆ ಚುಚ್ಚುತ್ತದೆ, ಬಿಸಾಡಲು ಮನಸ್ಸು ಬರುವುದಿಲ್ಲ. ಅವುಗಳ ನಡುವೆ ಜರತಾರಿಯ ಮೈಸೂರು ಪೇಟವೂ ಒಂದಿತ್ತು. ಮನೆ ಮಣ್ಣುಪಾಲಾದವನೊಬ್ಬ ಕೊಡಗಿನ ಆ ಮಳೆಯಲ್ಲಿ ಪೇಟ ತೊಟ್ಟು ನಿಂತಿರುವುದನ್ನು ಊಹಿಸಿಕೊಂಡು ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಕ್ಕದ್ದಕ್ಕೆ ನಿನ್ನ ಹೆಂಡತಿಯಿಂದ ಬೈಸಿಕೊಂಡೆವು.

ಕುಶಾಲನಗರದ ಗಂಜಿ ಕೇಂದ್ರದಲ್ಲಿ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ನಮ್ಮ ಗಂಟುಗಳನ್ನು ಮುಟ್ಟಲೂ ಇಲ್ಲ. ಗೋಡೆಗೆ ಒಟ್ಟಿದ್ದ ಹಳೆಯ ಬಟ್ಟೆಯ ರಾಶಿಯನ್ನು ತೋರಿಸಿ, 'ಅಣ್ಣಾ, ಹೆಂಗಸರಿಗೆ ಒಳಉಡುಪು, ಪ್ಯಾಡು, ಎರಡು ಬಕೆಟ್ಟು, ಮಗ್ಗು ಇದ್ರೆ ಕೊಡಿ' ಎಂದಳು. ಹನ್ನೊಂದು ಗಂಡಸರಲ್ಲಿ ಒಬ್ಬನಿಗೂ ಹೊಳೆಯದ ಮಾತು ಅದು. ಮಾರನೆಯ ವಾರ ಸಂತೆಪೇಟೆಯ ಅಂಗಡಿಯಲ್ಲಿ ಅವನ್ನೆಲ್ಲ ಬರೆಸುವಾಗ ನೀನು ಮೆಲ್ಲನೆ ಹೊರಗೆ ಹೋಗಿ ಬೀಡಾ ಹಾಕಿಕೊಂಡು ನಿಂತದ್ದನ್ನು ನಾನಿನ್ನೂ ಮರೆತಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಕೊಡಗಲ್ಲ, ಮರುವರ್ಷದ ನಂಜನಗೂಡು. ವಯನಾಡಿನಲ್ಲಿ ಮಳೆ ಸುರಿದರೆ ಆ ನೀರಿನ ಬಹುಪಾಲು ಬಂದು ಬೀಳುವುದು ಬೀಚನಹಳ್ಳಿಯ ಕಬಿನಿ ಕಟ್ಟೆಗೆ. ಅದು ಹಿಡಿಯುವುದು 19.52 ಟಿ.ಎಂ.ಸಿ., ಕನ್ನಂಬಾಡಿ (ಕೆ.ಆರ್.ಎಸ್.) ಹಿಡಿಯುವುದರಲ್ಲಿ ಅರ್ಧಕ್ಕೂ ಕಡಿಮೆ; ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದಷ್ಟನ್ನೂ ಹೊಳೆಗೆ ಬಿಡದೆ ಗತ್ಯಂತರವಿಲ್ಲ. 2019ರ ಆಗಸ್ಟ್ ಎರಡನೆಯ ವಾರ ಬಿಟ್ಟ ನೀರು ಒಂದು ಲಕ್ಷ ಕ್ಯೂಸೆಕ್ ದಾಟಿ, ಕಪಿಲೆ (ಕಬಿನಿಯ ಇನ್ನೊಂದು ಹೆಸರು) ಹದಿನಾರು ಕಾಲು ಮಂಟಪವನ್ನು ನುಂಗಿ, ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಯೇ ಹರಿಯಿತು. ರಸ್ತೆ ತೆರೆದ ದಿನವೇ ನಾವು ಹೊರಟೆವು. ಈ ಬಾರಿ ಶಾಲುಗಳಿರಲಿಲ್ಲ. ಪೊರಕೆ, ಫಿನಾಯಿಲ್, ಬ್ಲೀಚಿಂಗ್ ಪೌಡರ್, ಸನಿಕೆ, ಗಮ್‌ಬೂಟುಗಳಿದ್ದವು. ನಮಗೂ ಬುದ್ಧಿ ಬಂದಿತ್ತು.

ಪೆಟ್ಟಿಗೆ ಇಳಿಸುವಾಗ ಮಂಡಿ ಮೊಹಲ್ಲಾದ ನಮ್ಮ ಉಸ್ತಾದರು ಕಾಣೆಯಾದರಲ್ಲ! ಹುಡುಕಿಕೊಂಡು ಹೋದರೆ, ತೋಪಿನ ಬೀದಿಯ ತಿರುವಿನಲ್ಲಿ ಸೊಪ್ಪು ಮಾರುವವನೊಬ್ಬನ ಮುಂಗೈ ಹಿಡಿದು, 'ಬೇಡಪ್ಪಾ, ಕಿಕ್ ಮಾತ್ರ ಹೊಡೀಬೇಡ' ಎಂದು ಅಂಗಲಾಚುತ್ತಿದ್ದರು. ಎರಡು ದಿನ ನೀರಿನಲ್ಲಿ ಮುಳುಗಿದ್ದ ಮೊಪೆಡ್ ಅದು. ಎಂಜಿನ್ನಿನೊಳಗೆ ನೀರು ನಿಂತಿರುವಾಗ ಕಿಕ್ ಹೊಡೆದರೆ, ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡೇ ಬಾಗಿಹೋಗಬಹುದು. ಬರಿಯ ಒದ್ದೆಯಾಗಿದ್ದ ಗಾಡಿ ಆಗ ಗುಜರಿಗೇ ಹೋಗಬೇಕಾಗುತ್ತದೆ. ಉಸ್ತಾದರು ಮೊದಲು ಪ್ಲಗ್ ಬಿಚ್ಚಿ ನಿನ್ನ ಅಂಗೈಗೆ ಹಾಕಿದರು. ಗಾಡಿಯನ್ನು ಮಗ್ಗುಲಿಗೆ ವಾಲಿಸಿ, ಪ್ಲಗ್ಗಿನ ತೂತಿಗೆ ಬಟ್ಟೆ ಹಿಡಿದು ಮೆಲ್ಲನೆ ತುಳಿದರು; ಪಿಚಕ್ ಎಂದು ಕೆಂಪು ನೀರು ಹಾರಿ ನನ್ನ ಬಿಳಿ ಅಂಗಿಯ ಮೇಲೆ ಬಿತ್ತು. ಕಾರ್ಬೊರೇಟರಿನ ಬಟ್ಟಲನ್ನು ಬಿಚ್ಚಿದಾಗ ಅದರೊಳಗೆ ಒಂದು ಪುಟ್ಟ ಬಸವನಹುಳು ಇತ್ತು. ಪಕ್ಕದ ಮನೆಯಾಕೆ ತನ್ನ ಮನೆಯಲ್ಲಿ ಒಣಗಿ ಉಳಿದಿದ್ದ ಒಂದೇ ಒಂದು ವಸ್ತುವಾದ ಗ್ಯಾಸ್ ಒಲೆಯನ್ನು ಹೊತ್ತಿಸಿ ಕೊಟ್ಟಳು. ಅದರ ಮೇಲೆ ಪ್ಲಗ್ಗನ್ನು ಹಪ್ಪಳದಂತೆ ಕಾಯಿಸಿದೆವು. ನಾಲ್ಕನೆಯ ತುಳಿತಕ್ಕೆ ಎಂಜಿನ್ ಕೆಮ್ಮಿತು, ಏಳನೆಯದಕ್ಕೆ ಕೂಗಿತು. ಆ ಮನುಷ್ಯನ ಮುಖವನ್ನು ನೀನು ನೋಡಿದೆ. ಒಂದು ಗಂಟೆಯ ಮೊದಲು ನಾವು ಅವನಿಗೆ ಅಕ್ಕಿಯ ಚೀಲ ಕೊಟ್ಟಾಗ ಆ ಮುಖ ಹಾಗಿರಲಿಲ್ಲ.

ಆಮೇಲೆ ಹಳ್ಳದಕೇರಿಯವರೆಗೂ ಸುದ್ದಿ ಹಬ್ಬಿತು. ಬೈಕು, ಸ್ಕೂಟರು, ಮೊಪೆಡ್ಡುಗಳನ್ನು ಜನ ತಳ್ಳಿಕೊಂಡು ಬಂದು ಸಾಲು ನಿಲ್ಲಿಸಿದರು. ಎಂಜಿನ್ನಿನಿಂದ ಇಳಿಸಿದ ಆಯಿಲ್, ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಕತ್ತಲಾಗುವ ಹೊತ್ತಿಗೆ 23 ಗಾಡಿಗಳು ಎದ್ದು ನಿಂತವು. ವರ್ಷಾನುಗಟ್ಟಲೆ ಭಾನುವಾರದ ಊಟ ಬಿಟ್ಟು, ಹೆಂಡತಿಯರ ಬಾಯಿಗೆ ಬಿದ್ದು ಕಲಿತ ನಿರುಪಯೋಗಿ ವಿದ್ಯೆಯೊಂದು ಅಂದು ಉಪಯೋಗಕ್ಕೆ ಬಂತು. ನನ್ನ ಕೆಲಸವೇನಿತ್ತು ಎಂದರೆ ಸಾಲಿಗೆ ನಂಬರು ಕೊಡುವುದು. ಬ್ಯಾಂಕಿನ ಮೂವತ್ತು ವರ್ಷದ ಅಭ್ಯಾಸ. ಚೀಟಿ ಹರಿದು ಟೋಕನ್ ಮಾಡಿದೆ. 'ಸರ್, ನಂದು ಯಾವಾಗ?' ಎಂದು ಜನ ನನ್ನನ್ನು ಕೇಳಿದರು. ನಿವೃತ್ತನಾದಂದಿನಿಂದ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ.

ಇಲ್ಲಿಗೆ ನಿಲ್ಲಿಸಿ, 'ಹೇಗಿದ್ದೆವು ನೋಡು' ಎಂದು ನಾಲ್ಕು ಜನರ ಮುಂದೆ ಮೀಸೆ ತಿರುವಬೇಕೆಂದೇ ಪತ್ರ ಶುರುಮಾಡಿದ್ದು. ಆದರೆ ಜೇಬಿನ ಪಟ್ಟಿ ಬಿಡುತ್ತಿಲ್ಲ.

ಅಂದಿನಿಂದ ನನಗೊಂದು ಚಟ ಹತ್ತಿದೆ. ಮಳೆಗಾಲದಲ್ಲಿ ಬೆಳಿಗ್ಗೆ ಪತ್ರಿಕೆ ಬಂದೊಡನೆ ಜಲಾಶಯಗಳ ಮಟ್ಟ ಹಾಕುವ ಪುಟ್ಟ ಚೌಕವನ್ನು ಹುಡುಕುತ್ತೇನೆ. ಮೈಸೂರು, ಮಂಡ್ಯದವರಿಗೆ ಇದು ಹೊಸದಲ್ಲ. ಕನ್ನಂಬಾಡಿಯಲ್ಲಿ ನೀರು 124.80 ಅಡಿ ಮುಟ್ಟುವುದನ್ನು ಮಗುವಿನ ಪರೀಕ್ಷೆಯ ಅಂಕದಂತೆ ಕಾಯುವ ಸೀಮೆ ನಮ್ಮದು. ಮಟ್ಟ ಏರಿದರೆ ಕಬ್ಬಿಗೆ ನೀರು, ಭತ್ತಕ್ಕೆ ನೀರು, ನಲ್ಲಿಗೆ ನೀರು. ಹಾಗಾಗಿ ಪತ್ರಿಕೆ ಹಿಡಿದು ನಾನು ಹಿಗ್ಗಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ನನ್ನ ಕಣ್ಣು ಹೋಗುವುದು ಕೆಳಗಿನ ಸಾಲಿಗೆ, ಕಬಿನಿಗೆ. 2284 ಅಡಿಗೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಲೆಕ್ಕ ಹಾಕುತ್ತೇನೆ. ಅದು ಏರಿದಾಗ ನನ್ನೊಳಗೆ ಏಳುವ ಹಿಗ್ಗು ಕಬ್ಬಿನದಲ್ಲ, ಭತ್ತದ್ದಲ್ಲ.

2024ರ ಜುಲೈ 30ರ ಬೆಳಿಗ್ಗೆ ನಾನು ಪುಣೆಗೆ ಫೋನ್ ಮಾಡಿ ನಿನ್ನನ್ನು ಎಬ್ಬಿಸಿದೆನಲ್ಲ, 'ಲೋ, ವಯನಾಡಿನಲ್ಲಿ ಗುಡ್ಡ ಕುಸಿದಿದೆಯಂತೆ, ನಾವು ಹೊರಡಬೇಕು' ಎಂದೆನಲ್ಲ, ಫೋನ್ ಕೆಳಗಿಟ್ಟಾಗ ಅಡುಗೆಮನೆಯಿಂದ ಇವಳು ಕೇಳಿದಳು: 'ಏನ್ರೀ, ಯಾರದು ಮದುವೆ ನಿಶ್ಚಯವಾಯ್ತು?'

ಅವಳು ಚುಚ್ಚಲು ಕೇಳಿದ್ದಲ್ಲ. ಮಾತು ಕೇಳಿಸಿರಲಿಲ್ಲ, ದನಿ ಮಾತ್ರ ಕೇಳಿಸಿತ್ತು.

ಆ ರಾತ್ರಿ ಮುಂಡಕ್ಕೈ, ಚೂರಲ್‌ಮಲದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಲಗಿದ್ದಲ್ಲಿಯೇ ಹೋಗಿದ್ದರು. ಅವರಲ್ಲಿ ಹೊಟ್ಟೆಪಾಡಿಗೆಂದು ಹೋಗಿ ಅಲ್ಲೇ ನೆಲೆಸಿದ್ದ ನಮ್ಮ ಚಾಮರಾಜನಗರ, ಮಂಡ್ಯ ಜಿಲ್ಲೆಗಳವರೂ ಇದ್ದರು. ಆ ಬೆಟ್ಟದ ನೀರು ಕಬಿನಿಗೆ ಬರುವುದೇ ಇಲ್ಲ. ಪಡುವಣಕ್ಕೆ ಇಳಿದು ಚಾಲಿಯಾರ್ ಸೇರುತ್ತದೆ. ನಾನು ಪತ್ರಿಕೆಯ ಚೌಕದಲ್ಲಿ ಕಾವಲು ಕೂತಿದ್ದ ಹೊಳೆಯೇ ಬೇರೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಬಚ್ಚಿಟ್ಟು ಏನು ಪ್ರಯೋಜನ? ಅಂದು ನಮ್ಮ ಟೆಂಪೊ ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟ್ ತಲುಪಿದಾಗ ರಾತ್ರಿ 9 ಗಂಟೆ ಹತ್ತು ನಿಮಿಷ. (ವಡೆಯ ಮದ್ದೂರಲ್ಲ, ಆನೆಯ ಮದ್ದೂರು.) ಬಂಡೀಪುರದ ಕಾಡಿನ ರಸ್ತೆಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆಂಬುದು ನಿನಗೂ ಗೊತ್ತು. ನಮ್ಮದೇನು ಆಂಬುಲೆನ್ಸಲ್ಲ, ಒಂಬತ್ತು ಗಂಟೆ ಕಾಲ ಅಲ್ಲೇ ನಿಂತೆವು. ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ತಡವಾಯಿತೆಂದು ನಾನು ನಿನಗೆ ಹೇಳಿದೆ, ಗುಂಪಿಗೆ ಹೇಳಿದೆ, ಇವಳಿಗೂ ಹೇಳಿದೆ.

ಪಂಕ್ಚರ್ ಆಗಿರಲಿಲ್ಲ. ನಂಜನಗೂಡು ದಾಟಿದ ಮೇಲೆ ಟೆಂಪೊವಿಗೆ ಕಟ್ಟಿದ್ದ ಬ್ಯಾನರು ಒಂದು ಕಡೆ ಕಳಚಿಕೊಂಡು ಪಟಪಟನೆ ಹೊಡೆದುಕೊಳ್ಳತೊಡಗಿತು. ಡ್ರೈವರ್ ಹುಡುಗ 'ಬಿಚ್ಚಿ ಒಳಗೆ ಹಾಕ್ಬಿಡೋಣ ಸಾರ್, ಟೈಮಾಗ್ತದೆ' ಎಂದ. ನಾನು ಬಿಡಲಿಲ್ಲ. ಹಗ್ಗ ಕೊಳ್ಳಲು ಅಂಗಡಿ ಹುಡುಕಿ, ನಮ್ಮ ಹೆಸರು ಸೊಟ್ಟಗಾಗದಂತೆ ಎರಡು ಸಲ ಬಿಗಿಸಿ ಕಟ್ಟಿಸುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಹೋಯಿತು. ಕಾಡಿನ ಅಂಚಿನಲ್ಲಿ ಇಡೀ ರಾತ್ರಿ ಆ ಬ್ಯಾನರು ನೆಟ್ಟಗೆ, ಅಚ್ಚುಕಟ್ಟಾಗಿ ನಿಂತಿತ್ತು. ಓದಲು ಒಂದು ಜಿಂಕೆಯೂ ಬರಲಿಲ್ಲ. ಹುಡುಗ ಇಂದಿಗೂ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಅವನಿಗೆ ನಾನು ನೂರು ರೂಪಾಯಿ ಹೆಚ್ಚು ಕೊಟ್ಟೆ, ಅದನ್ನು ಡೀಸೆಲ್ ಲೆಕ್ಕದಲ್ಲಿ ಬರೆದೆ.

ಬೆಳಿಗ್ಗೆ ಸುಲ್ತಾನ್ ಬತ್ತೇರಿಯಲ್ಲಿ ಸಾಮಾನು ತೆಗೆದುಕೊಂಡ ತರುಣರು ಪೆಟ್ಟಿಗೆಗಳನ್ನು ಎಣಿಸಿ, ರಸೀದಿ ಬರೆದು, ನಮಗೆ ಚಹಾ ಕೊಟ್ಟು, ಮುಂದಿನ ಲಾರಿಯ ಕಡೆ ತಿರುಗಿದರು. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಗುಡ್ಡ ಕುಸಿದ ಕಡೆಗೆ, ಮೇಪ್ಪಾಡಿಯವರೆಗೆ ಹೋಗಬಹುದೇ ಎಂದು ಕೇಳಿದೆ. ಅಲ್ಲಿ ಗುಂಪು ಬೇಡವೆಂದು ಅವರು ವಿನಯದಿಂದಲೇ ಹೇಳಿದರು. ಅದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನೆಲ್ಲೂ ಕಂಡಿಲ್ಲ. ಆದರೂ ಹಿಂದಿರುಗುವ ದಾರಿಯುದ್ದಕ್ಕೂ ನನಗೆ ಆದದ್ದು ನಿರಾಸೆ. ಟೋಕನ್ ಕೊಡಲು ಅಲ್ಲಿ ಸಾಲಿರಲಿಲ್ಲ, 'ಸರ್, ನಂದು ಯಾವಾಗ?' ಎಂದು ಯಾರೂ ಕೇಳಲಿಲ್ಲ.

ಸಾಕು. ಇಷ್ಟೆಲ್ಲ ಬರೆಯುವ ಅಂದಾಜು ನನಗಿರಲಿಲ್ಲ. ಮಳೆ ಹಿಡಿದಿದೆ, ಗಾಡಿ ಹೊರಗೆ ತೆಗೆಯುವಂತಿಲ್ಲ, ಅದಕ್ಕೇ ಹೀಗೆ. ನಾಲ್ಕು ಜನ ಇದನ್ನು ಓದಿ ನನ್ನನ್ನು ಗುಂಪಿನಿಂದ ತೆಗೆದುಹಾಕಿದರೆ ಬ್ಯಾನರನ್ನು ನಾನೇ ಇಟ್ಟುಕೊಳ್ಳುತ್ತೇನೆ. ಮಹಡಿಯ ಮೇಲೆ ಸಂಡಿಗೆ ಹಾಕಲು ಚೆನ್ನಾಗಿದೆ ಎಂದು ಇವಳು ಆಗಲೇ ಕಣ್ಣಿಟ್ಟಿದ್ದಾಳೆ. ಈಚೆಗೆ ಪತ್ರಿಕೆಯನ್ನು ನನಗಿಂತ ಮೊದಲು ಅವಳೇ ಎತ್ತಿಕೊಳ್ಳುತ್ತಾಳೆ. ಮೊನ್ನೆ ಕಾಫಿ ತಂದಿಡುತ್ತ, 'ಕಬಿನಿ ತುಂಬೋಕೆ ಇನ್ನೆರಡೇ ಅಡಿಯಂತೆ. ಬೂಟು ಒರೆಸಿಡಲಾ?' ಎಂದಳು. ನಾನು ತಲೆಯೆತ್ತದೆ ಕಾಫಿ ಕುಡಿದೆ.

ದಸರೆಗಾದರೂ ಬಾ. ನಿನ್ನ ಗಾಡಿಯನ್ನು ಉಸ್ತಾದರು ವಾರಕ್ಕೊಮ್ಮೆ ಚಾಲೂ ಮಾಡುತ್ತಿದ್ದಾರೆ. ಇಡೀ ಬೀದಿ ನಿನ್ನನ್ನು ನೆನೆಯುತ್ತದೆ, ಕೆಮ್ಮುತ್ತ.

ನಿನ್ನ,
ಹಾಫ್ ಚೋಕ್

ಮರೆತಿದ್ದೆ: ನನ್ನ ಪ್ಲಗ್ ಸ್ಪ್ಯಾನರ್ ನಿನ್ನ ಬಳಿಯೇ ಇದೆ, ನಂಜನಗೂಡಿನಿಂದ ಬಂದ ದಿನದಿಂದಲೂ. ಈ ವಾರವೇ ಕೊರಿಯರ್ ಮಾಡು, ವಯನಾಡಿನಲ್ಲಿ ಮಳೆ ಜೋರಾಗಿದೆಯಂತೆ, ಬೇಕಾಗಬಹು… ಏನಿಲ್ಲ. ಸುಮ್ಮನೆ ಕಳಿಸು.