ಹಳೆಯ ಪತ್ರಿಕೆ ಓದುವ ತಂಗಿಗೆ

ಪ್ರೀತಿಯ ತಂಗೀ,

ನಿನ್ನ ಕರಡು ಓದಿದೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಚರಿತ್ರೆಯನ್ನು ಹಳೆಯ ಪತ್ರಿಕೆಗಳಿಂದಲೇ ಹೆಕ್ಕಿ ಬರೆಯಬೇಕೆಂಬ ನಿನ್ನ ಹಟ ನನಗೆ ತುಂಬಾ ಹಿಡಿಸಿತು. ಆದರೆ ಕರಡಿನ ತುಂಬ ಸ್ಕೋರುಗಳೇ ಇವೆ. ಯಾರು ಗೆದ್ದರು ಅನ್ನುವುದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಆ ಸುದ್ದಿ ಬರೆದವರು ಯಾರು, ಬಾಗಿಲಲ್ಲಿ ಯಾರನ್ನು ತಡೆದಿದ್ದರು, ಅದನ್ನು ಹುಡುಕು.

1896ರ ಏಪ್ರಿಲ್ 4ರ ಪಂದ್ಯವನ್ನೇ ತಗೋ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಹುಡುಗಿಯರು ಆಡಿದರು. ಎರಡು ಕಾಲೇಜುಗಳ ಮಹಿಳಾ ತಂಡಗಳ ನಡುವೆ ನಡೆದ ಮೊದಲ ಪಂದ್ಯ ಅದು. ಸ್ಟ್ಯಾನ್‌ಫರ್ಡ್ 2-1ರಿಂದ ಗೆದ್ದಿತು. ನೀನು ಇಷ್ಟು ಬರೆದು ಮುಂದೆ ಹೋಗಿದ್ದೀಯ. ಅಲ್ಲೇ ಸ್ವಲ್ಪ ನಿಲ್ಲಬೇಕಿತ್ತು. ಗಂಡಸರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಹಾಗಾಗಿ ಪತ್ರಿಕೆಗಳು ವರದಿಗೆ ಹೆಂಗಸರನ್ನೇ ಕಳಿಸಬೇಕಾಯಿತು. ಕಿಟಕಿಯಿಂದ ಇಣುಕಲು ಬಂದ ಗಂಡಸರನ್ನು ಓಡಿಸಿದ ಸುದ್ದಿಯೂ ಬಂತು. ಬುಟ್ಟಿ ಸರಿಮಾಡಲು ಗಂಡಾಳುಗಳು ಒಳಗೆ ಬಂದಾಗ ಬರ್ಕ್ಲಿ ಹುಡುಗಿಯರು ಕಿರುಚಿ ಮೂಲೆ ಸೇರಿದರು ಅಂತಲೂ ಆಗಿನ ವರದಿಯಲ್ಲಿದೆ. ಇದು ಹಾಗೇ ನಡೆದದ್ದೋ, ಓದುಗರನ್ನು ನಗಿಸಲು ಉಪ್ಪುಖಾರ ಹಚ್ಚಿದ್ದೋ? ಆ ವಾರದ ಬೇರೆ ಪತ್ರಿಕೆಗಳನ್ನೂ ಪಕ್ಕದಲ್ಲಿಟ್ಟು ಓದು. ಒಂದರಲ್ಲಿ ಆಟ ಇರುತ್ತದೆ, ಇನ್ನೊಂದರಲ್ಲಿ ಬರೀ ಉಡುಪು ಮತ್ತು ಕೂದಲಿನ ವರ್ಣನೆ. ಆ ವ್ಯತ್ಯಾಸವೇ ನಿನ್ನ ಲೇಖನ ಆಗಬಹುದು.

ಇನ್ನು ನ್ಯೂಯಾರ್ಕು. 1934ರ ಡಿಸೆಂಬರಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ಒಂದೇ ರಾತ್ರಿ ಎರಡು ಕಾಲೇಜು ಪಂದ್ಯ ಏರ್ಪಡಿಸಿ, 16,000ಕ್ಕೂ ಜಾಸ್ತಿ ಜನ ಸೇರಿಸಿದ ನೆಡ್ ಐರಿಶ್ ಯಾರು ಗೊತ್ತಲ್ವಾ? ವರ್ಲ್ಡ್-ಟೆಲಿಗ್ರಾಂ ಪತ್ರಿಕೆಯ ಕ್ರೀಡಾ ವರದಿಗಾರ. 1938ರಲ್ಲಿ ಎನ್‌ಐಟಿ, ಅಂದರೆ ಆಹ್ವಾನಿತ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿ, ಶುರುಮಾಡಿದ್ದೂ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಬರಹಗಾರರ ಸಂಘವೇ. ಟೂರ್ನಿ ನಡೆಸುವವರೇ ಅದರ ಸುದ್ದಿ ಬರೆಯುವಾಗ ಹೊಗಳಿಕೆಯನ್ನು ಸ್ವಲ್ಪ ತೂಗಿ ನೋಡಬೇಕು. ಹಾಗಂತ ಎಲ್ಲರನ್ನೂ ಅನುಮಾನಿಸಬೇಡ. ನ್ಯೂಯಾರ್ಕಿನ ಸಿಟಿ ಕಾಲೇಜು 1950ರಲ್ಲಿ ಎನ್‌ಐಟಿಯನ್ನೂ, ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎಯ ಟೂರ್ನಿಯನ್ನೂ ಗೆದ್ದಿತ್ತು. ಮರುವರ್ಷವೇ ಅದರ ಆಟಗಾರರು ಪಂದ್ಯದ ಅಂಕಗಳಲ್ಲಿ ಮೋಸಮಾಡಲು ಜೂಜುಕೋರರಿಂದ ಲಂಚ ಪಡೆದ ಆರೋಪದ ಮೇಲೆ ಬಂಧನಕ್ಕೊಳಗಾದರು. ಆ ಹಗರಣ ಹೊರತಂದದ್ದಕ್ಕೆ 1952ರಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್‌ನ ವಿಶೇಷ ಗೌರವ ಪಡೆದ ಮ್ಯಾಕ್ಸ್ ಕೇಸ್ ಕೂಡ ನ್ಯೂಯಾರ್ಕಿನ ಕ್ರೀಡಾ ಸಂಪಾದಕನೇ. ಅದೇ ಹಗರಣದಲ್ಲಿ ಮ್ಯಾನ್‌ಹ್ಯಾಟನ್ ಕಾಲೇಜಿನ ಜೂನಿಯಸ್ ಕೆಲಾಗ್ ಎಂಬ ಆಟಗಾರ ಲಂಚ ನಿರಾಕರಿಸಿ ತನ್ನ ಕೋಚ್‌ಗೆ ಹೇಳಿದ್ದನ್ನು ಮಾತ್ರ ಬಿಡಬೇಡ. ನಿನ್ನ ಕರಡಿನಲ್ಲಿ ಅವನ ಹೆಸರೇ ಇಲ್ಲ.

ನನ್ನನ್ನು ಬಹಳ ಕಾಡುವುದು ಪತ್ರಿಕೆಯಲ್ಲಿ ಬರದೇ ಹೋದ ಪಂದ್ಯ. 1944ರ ಮಾರ್ಚ್ 12, ಭಾನುವಾರ, ಉತ್ತರ ಕ್ಯಾರೊಲಿನಾದ ಡರ್ಹಮ್. ಊರಿನವರು ಚರ್ಚಿಗೆ ಹೋಗಿದ್ದ ಹೊತ್ತು. ಡ್ಯೂಕ್ ವೈದ್ಯಕೀಯ ಶಾಲೆಯ ಬಿಳಿಯ ಆಟಗಾರರು, ಕೋಚ್ ಜಾನ್ ಮೆಕ್‌ಲೆಂಡನ್ ಅವರ ತಂಡವಿದ್ದ ಕಪ್ಪು ಜನರ ಕಾಲೇಜಿಗೆ ಬಂದರು. ಜನಾಂಗಗಳನ್ನು ಬೇರೆ ಇಡುವ ಕಾನೂನಿದ್ದ ರಾಜ್ಯ ಅದು. ಜಿಮ್ಮಿನ ಬಾಗಿಲು ಹಾಕಿಕೊಂಡು ಆಡಿದರು. ಮೆಕ್‌ಲೆಂಡನ್ ತಂಡ 88-44ರಿಂದ ಗೆದ್ದಿತು. ಆಮೇಲೆ ಎರಡೂ ಕಡೆಯವರು ಬೆರೆತು ಇನ್ನೊಂದು ಆಟ ಆಡಿದರು! ಡರ್ಹಮ್‌ನ ಕಪ್ಪು ಜನರ ಪತ್ರಿಕೆ ಕ್ಯಾರೊಲಿನಾ ಟೈಮ್ಸ್‌ನ ವರದಿಗಾರನೊಬ್ಬನಿಗೆ ವಿಷಯ ಗೊತ್ತಾಗಿತ್ತು. ಆಟಗಾರರಿಗೆ ತೊಂದರೆಯಾಗಬಾರದೆಂದು ಅವನು ಒಂದಕ್ಷರ ಬರೆಯಲಿಲ್ಲ. 1996ರವರೆಗೂ ಹೊರಜಗತ್ತಿಗೆ ಇದು ತಿಳಿಯಲಿಲ್ಲ. ಮರುದಿನದ ಪತ್ರಿಕೆ ತಿರುವಿ, ಸುದ್ದಿ ಕಾಣಲಿಲ್ಲವೆಂದು ಏನೂ ನಡೆದಿಲ್ಲ ಅಂತ ಬರೆದುಬಿಟ್ಟರೆ ಎಂಥ ಅನ್ಯಾಯ ನೋಡು.

ಅದಕ್ಕೇ ಹೇಳುತ್ತೇನೆ, ದೊಡ್ಡ ನಗರಗಳ ದೊಡ್ಡ ಪತ್ರಿಕೆಗಳನ್ನೇ ನೆಚ್ಚಬೇಡ. ಕಪ್ಪು ಜನರ ಕಾಲೇಜುಗಳ ಆಟ ಓದಬೇಕೆಂದರೆ ಅವರದೇ ಪತ್ರಿಕೆಗಳಾದ ಚಿಕಾಗೋ ಡಿಫೆಂಡರ್, ಪಿಟ್ಸ್‌ಬರ್ಗ್ ಕೂರಿಯರ್‌ಗಳ ಹಳೆಯ ಸಂಚಿಕೆ ತೆಗಿ. ಕಂಪ್ಯೂಟರಿನಲ್ಲಿ ಹೆಸರು ಹಾಕಿ ಹುಡುಕಿ, ಸಿಕ್ಕ ತುಣುಕನ್ನಷ್ಟೇ ನಕಲು ಮಾಡಬೇಡ. ಮಾಸಿದ ಅಚ್ಚನ್ನು ಯಂತ್ರ ತಪ್ಪಾಗಿ ಓದುತ್ತದೆ. ಪೂರ್ತಿ ಪುಟ ತೆರೆದು, ಸುದ್ದಿ ಪುಟದ ಯಾವ ಮೂಲೆಯಲ್ಲಿದೆ, ಪಕ್ಕದಲ್ಲಿ ಏನಿದೆ ನೋಡು. ಸಮಯ ಹಿಡಿಯುತ್ತದೆ, ಹಿಡಿಯಲಿ.

ಮೊದಲು ಸ್ಯಾನ್ ಫ್ರಾನ್ಸಿಸ್ಕೋ ಭಾಗವನ್ನು ಬಿಡಿಸಿ ಬರೆ. ಆಡಿದ ಹುಡುಗಿಯರ ಹೆಸರುಗಳನ್ನು ಎರಡು ಪತ್ರಿಕೆಗಳಲ್ಲಾದರೂ ತಾಳೆ ನೋಡಿ ಹಾಕು. ಆಗುತ್ತಲೇ ಕಳಿಸು, ಓದಲು ಕಾಯುತ್ತಿರುತ್ತೇನೆ.

ನಿನ್ನ ಅಣ್ಣ